ಎಪ್ಪತ್ತು ಮಹಡಿಯ ಬುಡದಲ್ಲಿ ಒಂದು ಹಳೇ ಡಾಕ್

"ಅಪ್ಪ, ಒಂದು ರಾತ್ರಿಗೆ ಎಷ್ಟು ಅಂತ ಮಾತ್ರ ಕೇಳ್ಬೇಡಿ. ಕೇಳಿದ್ರೆ ನಿಮಗೆ ಅಲ್ಲಿ ನಿದ್ದೆ ಬರೋದಿಲ್ಲ" ಅಂತ ಮಗ ನರಿತಾ ವಿಮಾನ ನಿಲ್ದಾಣದಲ್ಲೇ ತಾಕೀತು ಮಾಡಿದ್ದ. ಬ್ಯಾಂಕಿನವನಿಗೆ ರೇಟು ಕೇಳಬೇಡ ಅನ್ನುವುದು ಮೀನಿಗೆ ಈಜಬೇಡ ಅಂದ ಹಾಗೆ. ಆದರೂ ಬಾಯಿ ಮುಚ್ಚಿಕೊಂಡೆ.

ಅದು 2018ರ ನವೆಂಬರ್. ನಮ್ಮ ಮದುವೆಯಾಗಿ 25 ವರ್ಷ ತುಂಬಿತ್ತು. ಟೋಕಿಯೋದಲ್ಲಿ ಕೆಲಸಕ್ಕೆ ಸೇರಿ ಎರಡನೇ ವರ್ಷದಲ್ಲಿದ್ದ ಮಗ, ಅಪ್ಪ-ಅಮ್ಮನನ್ನು ಕರೆಸಿಕೊಂಡು ಯೊಕೊಹಾಮಾದ ಲ್ಯಾಂಡ್‌ಮಾರ್ಕ್ ಟವರಿನಲ್ಲಿದ್ದ ರಾಯಲ್ ಪಾರ್ಕ್ ಹೋಟೆಲಿನಲ್ಲಿ ಎರಡು ರಾತ್ರಿಗೆ ಕೋಣೆ ಹಿಡಿದಿದ್ದ. "ನಿಮ್ಮ ಮದುವೆ ಆದ ವರ್ಷವೇ ಈ ಬಿಲ್ಡಿಂಗೂ ಆಗಿದ್ದು, ಅದಕ್ಕೇ ಇಲ್ಲಿ" ಅಂದ. ಹೌದು, ಗೋಪುರ ಮುಗಿದದ್ದು 1993ರಲ್ಲಿ. 296 ಮೀಟರ್ ಎತ್ತರ, 70 ಮಹಡಿ. 2014ರಲ್ಲಿ ಒಸಾಕಾದ ಅಬೆನೊ ಹರುಕಾಸ್ ತಲೆ ಎತ್ತುವವರೆಗೆ ಜಪಾನಿನ ಅತಿ ಎತ್ತರದ ಕಟ್ಟಡ ಇದೇ. ಕೆಳಗೆಲ್ಲ ಅಂಗಡಿ, ನಡುವೆ ಆಫೀಸುಗಳು, ತಲೆಯ ಮೇಲೆ ಹೋಟೆಲು. ವಿನ್ಯಾಸ ಅಮೆರಿಕದ ಹ್ಯೂ ಸ್ಟಬಿನ್ಸ್ ಎಂಬ ವಾಸ್ತುಶಿಲ್ಪಿಯದು. ನ್ಯೂಯಾರ್ಕಿನಲ್ಲಿ ಸಿಟಿಬ್ಯಾಂಕಿನ ಹೆಸರಾಂತ ಗೋಪುರ ಮಾಡಿದವರೂ ಇವರೇ.

ನಾನು ಇಂಥ ಹೋಟೆಲುಗಳಲ್ಲಿ ಇಳಿದವನಲ್ಲ. ಇನ್ಸ್‌ಪೆಕ್ಷನ್ನಿಗೆ ಹೋದಾಗ ಬ್ಯಾಂಕಿನ ಗೆಸ್ಟ್ ಹೌಸು, ಊರಿಗೆ ಹೋದಾಗ ಅಕ್ಕನ ಮನೆಯ ಚಾವಡಿ, ಅಷ್ಟೇ. ಲಿಫ್ಟಿನಲ್ಲಿ ಕಿವಿ ಗುಂಯ್ ಅಂದು, ಎಂಜಲು ನುಂಗುವಷ್ಟರಲ್ಲಿ ಅರವತ್ತೊಂದನೇ ಮಹಡಿ. ಇದೇ ಕಟ್ಟಡದ ಎರಡನೇ ಮಹಡಿಯಿಂದ 69ನೇ ಮಹಡಿಯ ವೀಕ್ಷಣಾಲಯಕ್ಕೆ ಹೋಗುವ ಲಿಫ್ಟು ಗಂಟೆಗೆ 45 ಕಿಲೋಮೀಟರ್ ವೇಗದ್ದು. ಹಾಕಿದಾಗ ಪ್ರಪಂಚದಲ್ಲೇ ವೇಗವಾದದ್ದು. ನಮ್ಮ ವಿರಾರ್ ಲೋಕಲ್ಲನ್ನು ನೆಟ್ಟಗೆ ನಿಲ್ಲಿಸಿ ಆಕಾಶಕ್ಕೆ ಬಿಟ್ಟ ಹಾಗೆ, ಆದರೆ ನೂಕುನುಗ್ಗಲು ಇಲ್ಲದೆ.

ಕೋಣೆಯಲ್ಲಿ ಮಡಿಚಿಟ್ಟ ಯುಕಾತಾ, ಹಸಿರು ಚಹಾದ ಸರಂಜಾಮು, ಹತ್ತು ಬಟನ್ನಿನ ಕಮೋಡು, ಮಂಚದ ಪಕ್ಕದಲ್ಲಿ ಒಂದು ಟಾರ್ಚು. ಟಾರ್ಚು ಯಾಕೆ ಅಂತ ನನ್ನಾಕೆ ಕೇಳಿದಳು. ಭೂಕಂಪಕ್ಕೆ, ಅಂದ ಮಗ. ಆಕೆ ತಂದಿದ್ದ ಅವಲಕ್ಕಿ ಡಬ್ಬಿಯನ್ನೂ ಟಾರ್ಚಿನ ಪಕ್ಕದಲ್ಲೇ ಇಟ್ಟಳು. ಓಡಬೇಕಾಗಿ ಬಂದರೆ ಎರಡೂ ಕೈಗೆ ಸಿಗಬೇಕಲ್ಲ!

ನಾನು ಪರದೆ ಸರಿಸಿದೆ. ಕೆಳಗೆ ಬಂದರು. ಉದ್ದ ಸೇತುವೆ, ದೂರದಲ್ಲಿ ಒಂದು ಹಡಗುಕಟ್ಟೆ, ಕೆಂಪು ಇಟ್ಟಿಗೆಯ ಎರಡು ಗೋದಾಮು. ನೇರ ಕೆಳಗೆ, ಒಂದು ಕಲ್ಲಿನ ತೊಟ್ಟಿಯಲ್ಲಿ ಮಕ್ಕಳ ಆಟಿಕೆಯಂತೆ ಕಾಣುವ ನಾಲ್ಕು ಕಂಬದ ಬಿಳಿ ಹಾಯಿಹಡಗು. ಸುತ್ತ ಗಾಜಿನ ಕಟ್ಟಡಗಳು, ಜಯಂಟ್ ವೀಲ್, ಮಾಲ್. ಇವುಗಳ ಮಧ್ಯೆ ಈ ಹಳೇ ಹಡಗು, ಹಳೇ ತೊಟ್ಟಿ ಯಾಕೆ ಉಳಿದಿವೆ? ಆ ಪ್ರಶ್ನೆ ಹೊತ್ತು ಮರುದಿನ ಬೆಳಿಗ್ಗೆ ಕೆಳಗಿಳಿದೆ. ಆಮೇಲೆ ಮುಂಬಯಿಗೆ ವಾಪಸ್ಸಾಗಿ ಎರಡು-ಮೂರು ವರ್ಷ ಸಿಕ್ಕಿದ್ದನ್ನೆಲ್ಲ ಓದಿದೆ. ಈ ಬರಹ ಅದರದ್ದೇ ಸಾರ.

ಯೊಕೊಹಾಮಾ ನಮ್ಮ ಮುಂಬಯಿಗಿಂತ ಚಿಕ್ಕ ವಯಸ್ಸಿನ ಊರು. 1854ರಲ್ಲಿ ಅಮೆರಿಕದ ಕಮೊಡೋರ್ ಪೆರಿ ತನ್ನ ಯುದ್ಧನೌಕೆಗಳನ್ನು ಹತ್ತಿರದಲ್ಲಿ ನಿಲ್ಲಿಸಿಕೊಂಡು ಜಪಾನಿನ ಜೊತೆ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಾಗ ಇದು ಸುಮಾರು ನೂರು ಮನೆಗಳ ಬೆಸ್ತರ ಹಳ್ಳಿ. 1859ರಲ್ಲಿ ವಿದೇಶಿ ವ್ಯಾಪಾರಕ್ಕೆ ಬಂದರು ತೆರೆಯಿತು. ರೇಷ್ಮೆ ಹೊರಗೆ, ಹತ್ತಿಬಟ್ಟೆ-ನೂಲು ಒಳಗೆ. ಬೆಸ್ತರ ಕೇರಿ ನೋಡನೋಡುತ್ತ ಪಟ್ಟಣವಾಯಿತು. ಆದರೆ ಎರಡು ಕೊರತೆ ಇತ್ತು. ಒಂದು, ಜೌಗು ಮುಚ್ಚಿ ಮಾಡಿದ ನೆಲವಾದ್ದರಿಂದ ಬಾವಿನೀರು ಕೆಟ್ಟದ್ದು, ಕಾಲರಾ ಮತ್ತೆ ಮತ್ತೆ ಬರುತ್ತಿತ್ತು. ಎರಡು, ದೊಡ್ಡ ಹಡಗುಗಳು ದಡಕ್ಕೆ ಬರಲಾಗದೆ ದೂರದಲ್ಲೇ ನಿಲ್ಲುತ್ತಿದ್ದವು. ಸರಕೆಲ್ಲ ಸಣ್ಣ ದೋಣಿಗಳಲ್ಲಿ ಹೊರಬೇಕು.

ಈ ಎರಡನ್ನೂ ಸರಿಮಾಡಿದವನ ಹೆಸರು ಓದಿದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಹೆನ್ರಿ ಸ್ಪೆನ್ಸರ್ ಪಾಮರ್. ಬ್ರಿಟಿಷ್ ಸೈನ್ಯದ ರಾಯಲ್ ಎಂಜಿನಿಯರ್ಸ್ ಅಧಿಕಾರಿ. ಹುಟ್ಟಿದ್ದು 1838ರ ಏಪ್ರಿಲ್ 30ರಂದು. ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಲ್ಲಿ! ತಂದೆ ಮದ್ರಾಸ್ ಸೈನ್ಯದಲ್ಲಿದ್ದ ಅಧಿಕಾರಿ. ಹೆಸರು ಪಾಮರ್, ಕೆಲಸವೆಲ್ಲ ಪಂಡಿತನದು. ಕೆನಡಾದ ಪಶ್ಚಿಮ ತೀರದಲ್ಲಿ ಸರ್ವೆ, ಸಿನಾಯ್ ಮರುಭೂಮಿಯಲ್ಲಿ ಸರ್ವೆ, 1874ರಲ್ಲಿ ಶುಕ್ರ ಗ್ರಹ ಸೂರ್ಯನ ಮುಂದೆ ಹಾಯುವುದನ್ನು ನೋಡಲು ನ್ಯೂಜಿಲೆಂಡಿಗೆ, ಆಮೇಲೆ ಹಾಂಗ್‌ಕಾಂಗ್. 1883ರಲ್ಲಿ ಯೊಕೊಹಾಮಾಕ್ಕೆ ನೀರಿನ ಯೋಜನೆ ಮಾಡಿಕೊಡು ಅಂತ ಜಪಾನಿನವರು ಕೇಳಿದರು. ಸಗಾಮಿ ನದಿಯ ಮೇಲ್ಭಾಗದಿಂದ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ ಕಬ್ಬಿಣದ ಕೊಳವೆ ಹಾಕಿ 1887ರಲ್ಲಿ ಊರಿಗೆ ನೀರು ತಂದ. ಜಪಾನಿನ ಮೊದಲ ಆಧುನಿಕ ನೀರು ಸರಬರಾಜು ಅದೇ. ಹೋಟೆಲಿನ ನಲ್ಲಿ ತಿರುಗಿಸಿ ನೀರು ಕುಡಿದಾಗ ಇದೇನೂ ನನಗೆ ತಿಳಿದಿರಲಿಲ್ಲ.

ಬಂದರಿನ ಕೆಲಸಕ್ಕೆ ದುಡ್ಡು ಎಲ್ಲಿಂದ ಬಂತು ಅನ್ನುವುದು ಇನ್ನೂ ಸೊಗಸು. ನಮ್ಮ ಕಸುಬಿನವರು ಇದನ್ನು ಓದಲೇಬೇಕು. 1863-64ರಲ್ಲಿ ಶಿಮೊನೊಸೆಕಿ ಜಲಸಂಧಿಯಲ್ಲಿ ವಿದೇಶಿ ಹಡಗುಗಳ ಮೇಲೆ ಜಪಾನಿನ ಒಬ್ಬ ಪಾಳೆಯಗಾರ ಗುಂಡು ಹಾರಿಸಿದ. ಬ್ರಿಟನ್, ಫ್ರಾನ್ಸ್, ಹಾಲೆಂಡ್, ಅಮೆರಿಕ ನಾಲ್ಕೂ ಸೇರಿ ಅವನ ಕೋಟೆಗಳನ್ನು ಹೊಡೆದು, ಜಪಾನ್ ಸರ್ಕಾರದ ಮೇಲೆ 30 ಲಕ್ಷ ಡಾಲರ್ ದಂಡ ಹೇರಿದವು. ಅಮೆರಿಕ ಆ ಜಗಳಕ್ಕೆ ಕಳಿಸಿದ್ದು ಬಾಡಿಗೆಗೆ ಹಿಡಿದ ಒಂದೇ ಒಂದು ಸಣ್ಣ ಹಡಗು. ಪಾಲು ಮಾತ್ರ 7,85,000 ಡಾಲರ್! ವಾಷಿಂಗ್ಟನ್ನಿನವರಿಗೆ ಆ ದುಡ್ಡು ಗಂಟಲಲ್ಲಿ ಇಳಿಯಲಿಲ್ಲ. ಖರ್ಚು ಮಾಡದೆ ಇಟ್ಟುಕೊಂಡೇ ಇದ್ದರು. ಕೊನೆಗೆ 1883ರಲ್ಲಿ ವಾಪಸು ಕೊಟ್ಟರು. ಸುಮಾರು ಇಪ್ಪತ್ತು ವರ್ಷ ಸಸ್ಪೆನ್ಸ್ ಅಕೌಂಟಿನಲ್ಲಿದ್ದ ಹಣ ಕ್ಲಿಯರ್ ಆದ ಹಾಗೆ. ಜಪಾನ್ ಅದನ್ನು ಯೊಕೊಹಾಮಾ ಬಂದರಿಗೆ ಹಾಕಿತು. ಪಾಮರನ ನಕ್ಷೆಯ ಪ್ರಕಾರ 1889ರಲ್ಲಿ ಕೆಲಸ ಶುರುವಾಯಿತು. ಅಲೆತಡೆಗೋಡೆ ಬಂತು, ಕಬ್ಬಿಣದ ಕಂಬಗಳ ಹಡಗುಕಟ್ಟೆ ಬಂತು. ನನ್ನ ಕಿಟಕಿಯಿಂದ ಕಂಡ ಓಸಾನ್‌ಬಾಶಿ ಕಟ್ಟೆಯ ಮೂಲ ಅದೇ, 1894ರದ್ದು. ಇಂದು ನಿಂತಿರುವುದು ಅದೇ ಜಾಗದಲ್ಲಿ ಹೊಸದಾಗಿ ಕಟ್ಟಿದ್ದು.

ಬಂದರಾದ ಮೇಲೆ ಹಡಗು ರಿಪೇರಿಗೆ ಡಾಕ್ ಬೇಕಲ್ಲ. ಡಾಕ್ ಅಂದರೆ ದಡದಲ್ಲಿ ತೋಡಿದ ದೊಡ್ಡ ಕಲ್ಲಿನ ತೊಟ್ಟಿ. ಬಾಗಿಲು ತೆಗೆದರೆ ಸಮುದ್ರದ ನೀರಿನ ಜೊತೆ ಹಡಗು ಒಳಗೆ ಬರುತ್ತದೆ. ಬಾಗಿಲು ಹಾಕಿ ನೀರು ಹೊರಗೆ ಹಾಕಿದರೆ ಹಡಗಿನ ತಳ ಒಣಗಿ ನಿಲ್ಲುತ್ತದೆ, ಆಗ ಜನ ಇಳಿದು ಕೆಲಸ ಮಾಡಬಹುದು. ಅದಕ್ಕೂ ಪಾಮರನೇ ಮೊದಲು ಯೋಜನೆ ಹಾಕಿಕೊಟ್ಟಿದ್ದ. ಆದರೆ 1893ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ತೀರಿಕೊಂಡ. ಅಲ್ಲೇ ಅವನ ಸಮಾಧಿ ಇದೆ. ಯೊಕೊಹಾಮಾದ ನೊಗೆಯಾಮಾ ಪಾರ್ಕಿನಲ್ಲಿ ಎದೆಮಟ್ಟದ ಪ್ರತಿಮೆ ಇದೆ. ಮುಂದೆ ಜಪಾನಿನದೇ ಎಂಜಿನಿಯರ್ ತ್ಸುನೆಕಾವಾ ರ್ಯುಸಾಕು ಡಾಕ್‌ಗಳನ್ನು ವಿನ್ಯಾಸ ಮಾಡಿದರು. 1890ರ ದಶಕ ಮುಗಿಯುವುದರೊಳಗೆ ಎರಡೂ ತಯಾರು. ಮೊದಲು ಮುಗಿದದ್ದು ಎರಡನೇ ನಂಬರಿನದು, ಆಮೇಲೆ ಒಂದನೇ ನಂಬರು. ಸರ್ಕಾರಿ ಕಾಮಗಾರಿಗಳಲ್ಲಿ ಹೀಗಾಗುವುದು ನಮಗೇನೂ ಹೊಸದಲ್ಲ, ಆದರೆ ಇದು ಖಾಸಗಿ ಕಂಪನಿ!

ಪಾಮರ್ ತೀರಿಕೊಂಡ ಅದೇ 1893ರ ಜುಲೈನಲ್ಲಿ ನಮ್ಮ ದೇಶದ ಒಬ್ಬ ತರುಣ ಸನ್ಯಾಸಿ ಈ ಊರಿನ ಓರಿಯೆಂಟಲ್ ಹೋಟೆಲಿನಲ್ಲಿ ಕೂತು ಮದ್ರಾಸಿನ ಗೆಳೆಯರಿಗೆ ಕಾಗದ ಬರೆದರು. ಸ್ವಾಮಿ ವಿವೇಕಾನಂದರು. ಮೇ 31ಕ್ಕೆ ಮುಂಬಯಿಯಲ್ಲಿ ಹಡಗು ಹತ್ತಿ ಚಿಕಾಗೋಗೆ ಹೊರಟವರು. ಆ ಕಾಗದದಲ್ಲಿ ಜಪಾನಿನವರು ತಮಗೆ ಬೇಕಾದ್ದನ್ನು ತಾವೇ ಮಾಡಿಕೊಳ್ಳುತ್ತಿರುವ ಬಗ್ಗೆ ಬೆರಗಾಗಿ ಬರೆಯುತ್ತ, ಜಪಾನಿನ ಹಡಗು ಕಂಪನಿಯೊಂದು ಸದ್ಯದಲ್ಲೇ ಮುಂಬಯಿಗೂ ಹಡಗು ಬಿಡಲಿದೆ ಎಂದೂ ತಿಳಿಸಿದ್ದಾರೆ. ಯೊಕೊಹಾಮಾದಿಂದ ಅವರು ಹತ್ತಿದ ಎಂಪ್ರೆಸ್ ಆಫ್ ಇಂಡಿಯಾ ಹಡಗಿನಲ್ಲೇ ಜೆಮ್‌ಶೆಟ್‌ಜಿ ಟಾಟಾ ಅವರೂ ಇದ್ದರು. ಆ ವರ್ಷ ಟಾಟಾ ಜಪಾನಿಗೆ ಹೋದದ್ದೇ ಹಡಗಿನ ಮಾತಿಗೆ. ಮುಂಬಯಿಯಿಂದ ಹತ್ತಿ, ನೂಲು ಒಯ್ಯುವ ಹಡಗುಗಳೆಲ್ಲ ಬ್ರಿಟಿಷ್ ಪಿ ಅಂಡ್ ಓ ಕಂಪನಿ ಮತ್ತು ಅದರ ಜೊತೆಗಾರರ ಹಿಡಿತದಲ್ಲಿದ್ದವು. ಬಾಡಿಗೆ ಅವರು ಹೇಳಿದಷ್ಟು. ಟಾಟಾ ಅವರು ಜಪಾನಿನ ನಿಪ್ಪೊನ್ ಯೂಸೆನ್ ಕಂಪನಿಯ ಜೊತೆ ಕೈಜೋಡಿಸಿದರು. 1893ರ ನವೆಂಬರಿನಲ್ಲಿ ಹಿರೋಶಿಮಾ ಮಾರು ಎಂಬ ಹಡಗು ಕೋಬೆಯಿಂದ ಮುಂಬಯಿಗೆ ಹೊರಟಿತು. ಜಪಾನಿನ ಹಡಗು ಕಂಪನಿಗಳ ಮೊದಲ ದೂರಸಾಗರದ ಮಾರ್ಗ ಅದು. ಯುರೋಪಿಗಲ್ಲ, ಅಮೆರಿಕಕ್ಕಲ್ಲ, ನಮ್ಮ ಮುಂಬಯಿಗೆ!

ಹಡಗಿನ ಹಿಂದೆಯೇ ಬ್ಯಾಂಕೂ ಬಂತು. 1880ರಲ್ಲಿ ಹುಟ್ಟಿದ ಯೊಕೊಹಾಮಾ ಸ್ಪೀಸಿ ಬ್ಯಾಂಕ್ ಜಪಾನಿನ ವಿದೇಶಿ ವ್ಯಾಪಾರಕ್ಕೆಂದೇ ಮಾಡಿದ ಬ್ಯಾಂಕು. ಅಲ್ಲಿಯವರೆಗೆ ರೇಷ್ಮೆ ಜಪಾನಿನದು, ಹುಂಡಿ ಮತ್ತು ಕಮಿಷನ್ ವಿದೇಶಿ ಬ್ಯಾಂಕುಗಳದ್ದು. ಈ ಬ್ಯಾಂಕು ಮುಂಬಯಿ ಶಾಖೆ ತೆರೆದದ್ದು 1894ರಲ್ಲಿ. ಹತ್ತಿ ವ್ಯಾಪಾರಕ್ಕೆ ಹಣ ಒದಗಿಸುವುದೇ ಅದರ ಕೆಲಸ. ನಾನು ಮೂವತ್ತು ವರ್ಷ ಫಾರಿನ್ ಬಿಲ್ಲುಗಳಿಗೆ ಸಹಿ ಹಾಕಿದವನು. ನಾನಿರುವ ಕೋಟೆ ಪ್ರದೇಶದಲ್ಲಿ ನೂರಿಪ್ಪತ್ತು ವರ್ಷ ಹಿಂದೆಯೇ ಯೊಕೊಹಾಮಾದ ಹೆಸರು ಹೊತ್ತ ಬ್ಯಾಂಕಿತ್ತು ಅನ್ನುವುದು ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಅದರ ವ್ಯವಹಾರ ಬ್ಯಾಂಕ್ ಆಫ್ ಟೋಕಿಯೋಗೆ ಹೋಯಿತು; ಇಂದು ಅದು ಎಂಯುಎಫ್‌ಜಿ ಬ್ಯಾಂಕಿನ ಭಾಗ.

ಲಾಭ ಯಾರಿಗಾಯಿತು? ಹೇಳಿಬಿಡುವುದು ಒಳ್ಳೆಯದು. ನಮ್ಮ ಹತ್ತಿಯನ್ನು ಅಗ್ಗವಾಗಿ ತರಿಸಿಕೊಂಡ ಜಪಾನಿನ ಮಿಲ್ಲುಗಳು ತಮ್ಮದೇ ನೂಲು ತೆಗೆದು, ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಚೀನಾದ ಮಾರುಕಟ್ಟೆಯಿಂದ ಮುಂಬಯಿ ಮಿಲ್ಲುಗಳ ನೂಲನ್ನು ಹೊರಗೆ ಹಾಕಿದವು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು ನಮಗೆ.

1923ರ ಸೆಪ್ಟೆಂಬರ್ 1, ಮಧ್ಯಾಹ್ನಕ್ಕೆ ಎರಡು ನಿಮಿಷ ಮುಂಚೆ ಕಾಂತೋ ಮಹಾಭೂಕಂಪ. ಮನೆಮನೆಯಲ್ಲಿ ಒಲೆ ಉರಿಯುತ್ತಿದ್ದ ಹೊತ್ತು. ಬಿದ್ದ ಮರದ ಮನೆಗಳಿಗೆ ಬೆಂಕಿ ಹತ್ತಿತು. ಟೋಕಿಯೋ, ಯೊಕೊಹಾಮಾ ಮತ್ತು ಸುತ್ತಮುತ್ತ ಸೇರಿ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ವಿದೇಶಿಯರ ಹೆಮ್ಮೆಯ ಗ್ರ್ಯಾಂಡ್ ಹೋಟೆಲ್ ಕುಸಿಯಿತು. ಸ್ಪೀಸಿ ಬ್ಯಾಂಕಿನ 1904ರ ಕಲ್ಲಿನ ಕಟ್ಟಡದ ಗುಮ್ಮಟ ಸುಟ್ಟುಹೋಯಿತು, ಆದರೆ ನೆಲಮಾಳಿಗೆಗೆ ಓಡಿದ ಸಿಬ್ಬಂದಿ ಮತ್ತು ದಾರಿಹೋಕರು ನೂರಾರು ಜನ ಬದುಕಿಕೊಂಡರು. ಈಗ ಆ ಕಟ್ಟಡ ಪ್ರಾಂತ್ಯದ ಇತಿಹಾಸ ಮ್ಯೂಸಿಯಂ. ಗುಮ್ಮಟವನ್ನು 1967ರಲ್ಲಿ ಮತ್ತೆ ಕೂರಿಸಿದ್ದಾರೆ. ನಾನು ಅದರ ಎದುರು ನಿಂತು ಫೋಟೋ ತೆಗೆಸಿಕೊಂಡೆ, ನನ್ನಾಕೆ, "ಇಲ್ಲೂ ಬ್ಯಾಂಕೇ ಬೇಕಿತ್ತಾ ನಿಮಗೆ?" ಅಂದಳು.

ಯೊಕೊಹಾಮಾ ಭೂಕಂಪದ ಅವಶೇಷವನ್ನು ಎಸೆಯಲಿಲ್ಲ. ಸಮುದ್ರದ ಅಂಚಿಗೆ ತುಂಬಿ, ಅದರ ಮೇಲೆ 1930ರಲ್ಲಿ ಯಾಮಾಶಿತಾ ಪಾರ್ಕ್ ಮಾಡಿದರು. ಮುರಿದ ಊರಿನ ಮೇಲೆ ಗುಲಾಬಿ ತೋಟ. ಆ ಪಾರ್ಕಿನ ಮೂಲೆಯಲ್ಲಿ ನಮ್ಮ ಕಡೆಯ ಗುಡಿಯ ಮಂಟಪದ ಹಾಗಿರುವ ಒಂದು ಪುಟ್ಟ ಕಟ್ಟಡ ಇದೆ. ಹೆಸರು ಇಂಡಿಯನ್ ವಾಟರ್ ಫೌಂಟನ್. ಭೂಕಂಪದಲ್ಲಿ ಇಲ್ಲಿನ ಭಾರತೀಯ ರೇಷ್ಮೆ ವ್ಯಾಪಾರಿಗಳೂ ಸತ್ತರು, ಉಳಿದವರು ಕೋಬೆಗೆ ಹೋದರು. ಅವರು ಹೋದರೆ ವ್ಯಾಪಾರವೂ ಹೋಗುತ್ತದೆಂದು ಊರಿನವರು ಮನೆ-ಅಂಗಡಿಗೆ ಅನುಕೂಲ ಮಾಡಿಕೊಟ್ಟು ವಾಪಸು ಕರೆಸಿದರು. ಆ ಉಪಕಾರದ ನೆನಪಿಗೆ, ಸತ್ತವರ ನೆನಪಿಗೆ ಭಾರತೀಯರು 1930ರ ದಶಕದ ಕೊನೆಗೆ ಇದನ್ನು ಕಟ್ಟಿಸಿದರು. ಒಳಗೆ ತಲೆ ಎತ್ತಿ ನೋಡಿದರೆ ಚಾವಣಿಯ ತುಂಬ ಮೊಸಾಯಿಕ್ ಚಿತ್ತಾರ. ಪರಊರಿಗೆ ಹೊಟ್ಟೆಪಾಡಿಗೆ ಹೋದವರನ್ನು ಆ ಊರು "ವಾಪಸ್ ಬನ್ನಿ" ಅಂತ ಕರೆಯುವುದು ಎಷ್ಟು ಅಪರೂಪ ಎಂದು ಮುಂಬಯಿಯ ನಮ್ಮಂಥವರಿಗೆ ಬಿಡಿಸಿ ಹೇಳಬೇಕೇ?

ಆಮೇಲೆ ಯುದ್ಧ. 1945ರ ಮೇ 29ರ ಹಗಲಿನ ಬಾಂಬ್ ದಾಳಿಯಲ್ಲಿ ಊರು ಎರಡನೇ ಸಲ ಸುಟ್ಟಿತು. ಭೂಕಂಪದ ನಂತರ 1927ರಲ್ಲಿ ತೆರೆದ ಹೋಟೆಲ್ ನ್ಯೂ ಗ್ರ್ಯಾಂಡ್ ಮಾತ್ರ ಉಳಿಯಿತು. ಆಗಸ್ಟ್ 30ರಂದು ಜಪಾನಿಗೆ ಬಂದಿಳಿದ ಜನರಲ್ ಮೆಕಾರ್ಥರ್ ಅಂದು ರಾತ್ರಿ ತಂಗಿದ್ದು ಅಲ್ಲೇ. ಗೆದ್ದವನೂ ಸೋತವರ ಹೋಟೆಲಿನಲ್ಲೇ ಇಳಿಯಬೇಕಾಯಿತು.

ಈಗ ಮತ್ತೆ ಡಾಕ್‌ಗೆ ಬರೋಣ. ಯೊಕೊಹಾಮಾ ಡಾಕ್ ಕಂಪನಿ 1935ರಲ್ಲಿ ಮಿತ್ಸುಬಿಷಿಗೆ ಸೇರಿತು. 1930ರಲ್ಲಿ ಇಲ್ಲೇ ಕಟ್ಟಿದ ಹಿಕಾವಾ ಮಾರು ಎಂಬ ಪ್ರಯಾಣಿಕರ ಹಡಗು ಯುದ್ಧದಲ್ಲೂ ಮುಳುಗದೆ ಉಳಿದು ಯಾಮಾಶಿತಾ ಪಾರ್ಕಿನ ಎದುರೇ ನಿಂತಿದೆ. ಈ ಡಾಕ್‌ನಲ್ಲಿ ದುಡಿದ ಸಾವಿರಾರು ಜನರ ಹೆಸರು ನಮಗೆ ಸಿಗುವುದಿಲ್ಲ. ಒಬ್ಬನದು ಮಾತ್ರ ಸಿಗುತ್ತದೆ. ಹದಿಹರೆಯದ ಬಡ ಹುಡುಗ, ಅಟ್ಟಣಿಗೆಯ ಸಮೇತ ಡಾಕ್‌ನ ತಳಕ್ಕೆ ಬಿದ್ದು ಸಾಯುವುದರಿಂದ ಉಳಿದುಕೊಂಡು, 1910ರಲ್ಲಿ ಟೋಕಿಯೋ ಸೇರಿ, ಮುಂದೆ ಜಪಾನಿನ ಮನೆಮಾತಾದ ಕಾದಂಬರಿಕಾರನಾದ. ಯೊಶಿಕಾವಾ ಏಜಿ, 'ಮುಸಾಶಿ' ಬರೆದವರು. ಅವರೊಬ್ಬರು ಪೆನ್ನು ಹಿಡಿದದ್ದರಿಂದ ಗೊತ್ತಾಯಿತು. ಬಿದ್ದ ಇನ್ನುಳಿದವರು?

1973ರ ತೈಲ ಬಿಕ್ಕಟ್ಟಿನ ನಂತರ ಹಡಗಿಗೆ ಗಿರಾಕಿ ಕಡಿಮೆಯಾದರು. ಜಪಾನಿನ ಹಡಗು ಕಾರ್ಖಾನೆಗಳಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಯೊಕೊಹಾಮಾದಲ್ಲಿ ಊರಿನ ಎದೆಯ ಮೇಲೇ ಇದ್ದ ಈ ಕಾರ್ಖಾನೆಯನ್ನು ಹೊರಗೆ ಕಳಿಸಿ, ಆ ಜಾಗದಲ್ಲಿ ಹೊಸ ಕೇಂದ್ರ ಕಟ್ಟಬೇಕೆಂಬ ಯೋಜನೆಯನ್ನು ಮೇಯರ್ ಅಸುಕಾತಾ ಇಚಿಯೊ 1965ರಲ್ಲೇ ಮುಂದಿಟ್ಟಿದ್ದರು. ಕಾರ್ಖಾನೆ ಇದೇ ಊರಿನ ಹೊನ್ಮೊಕು, ಕನಜಾವಾ ಪ್ರದೇಶಗಳಿಗೆ ಹೋದದ್ದು 1983ರಲ್ಲಿ. ಖಾಲಿಯಾದ ಜಾಗಕ್ಕೆ ಮಿನಾತೊ ಮಿರಾಯ್ ಅಂತ ಹೆಸರಿಟ್ಟರು, ಭವಿಷ್ಯದ ಬಂದರು ಎಂದರ್ಥ.

1983 ಅಂತ ಓದಿದಾಗ ನನಗೆ ಬೇರೆಯೇ ನೆನಪು. ಅದೇ ವರ್ಷ ನಾನು ಎಸ್‌ಎಸ್‌ಎಲ್‌ಸಿ ಮುಗಿಸಿ ಕುಂದಾಪುರದಿಂದ ಬಸ್ಸು ಹತ್ತಿ ಮುಂಬಯಿಗೆ ಬಂದದ್ದು. ಲಾಲ್‌ಬಾಗಿನಲ್ಲಿ ಮಿಲ್ಲಿನ ಗೇಟಿನ ಎದುರು ಸೋದರಮಾವನ ಚಾ-ತಿಂಡಿಯ ಸಣ್ಣ ಹೋಟೆಲು. ಹಗಲು ಗಲ್ಲಾ-ಟೇಬಲ್, ಸಂಜೆ ರಾತ್ರಿ ಕಾಲೇಜು. ಮುಂದೆ ಬಿ.ಕಾಂ. ಮಾಡಿ ಬ್ಯಾಂಕು ಸೇರಿದ್ದು ಆ ಗಲ್ಲಾದ ಕೃಪೆಯಿಂದಲೇ. ಆದರೆ ನಾನು ಬಂದಾಗ ಹೋಟೆಲು ಮುಕ್ಕಾಲು ಖಾಲಿ. 1982ರ ಜನವರಿ 18ಕ್ಕೆ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರ ಮುಷ್ಕರ ಶುರುವಾಗಿತ್ತು. ಅದು ಮುಗಿಯಿತು ಅಂತ ಯಾರೂ ಹೇಳಲೇ ಇಲ್ಲ, ಸುಮ್ಮನೆ ಕರಗಿತು. ಮಾವನ ಹತ್ತಿರ ಕೆಂಪು ಬಟ್ಟೆ ಹೊದಿಸಿದ ಉದ್ರಿ ಪುಸ್ತಕ ಒಂದಿತ್ತು. ಪಗಾರಕ್ಕೆ ಕೊಡುತ್ತೇವೆ ಅಂದವರ ಹೆಸರು, ಎದುರಿಗೆ ಚಾ, ಪಾವ್, ಉಸಳ್‌ನ ಲೆಕ್ಕ. ಪಗಾರ ಬರಲಿಲ್ಲ. ಮಾವ ಕೊಡುವುದನ್ನೂ ನಿಲ್ಲಿಸಲಿಲ್ಲ, ಕೇಳುವುದನ್ನೂ ಶುರುಮಾಡಲಿಲ್ಲ. "ಭೋಂಗಾ ಕೂಗಲಿ, ಕೊಡ್ತಾರೆ" ಅನ್ನುತ್ತಿದ್ದರು.

ಆ ಮಿಲ್ಲುಗಳ ಜಾಗ ಏನಾಯಿತು ಅನ್ನುವುದು ನಿಮಗೆಲ್ಲ ಗೊತ್ತು. 1991ರ ನಿಯಮದಂತೆ ಜಾಗವನ್ನು ಮೂರು ಪಾಲು ಮಾಡಿ, ಒಂದು ಊರಿನ ಬಯಲಿಗೆ, ಒಂದು ಬಡವರ ವಸತಿಗೆ, ಒಂದು ಮಾಲೀಕರಿಗೆ ಅಂತ ಇತ್ತು. 2001ರಲ್ಲಿ ಅದನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಈ ಪಾಲು ಅಂದರು. 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. ಚಿಮಣಿಗಳ ಜಾಗದಲ್ಲಿ ಗಾಜಿನ ಗೋಪುರಗಳು ಎದ್ದವು. ಕಾಳಾಚೌಕಿಯಲ್ಲಿ ಜವಳಿ ಮ್ಯೂಸಿಯಂನ ಯೋಜನೆಯೊಂದು ವರ್ಷಗಳಿಂದ ನಡೆದಿದೆ.

ಯೊಕೊಹಾಮಾದಲ್ಲಿ ಗೋಪುರದ ಬುಡಕ್ಕೆ ಇಳಿದಾಗ ನಾನು ನೋಡಿದ್ದು ಬೇರೆ. ಎರಡನೇ ನಂಬರಿನ ಡಾಕ್ ಸರಿಯಾಗಿ ಗೋಪುರ ಬರುವ ಜಾಗದ ಪಕ್ಕದಲ್ಲೇ ಇತ್ತು. ಅದನ್ನು ಮುಚ್ಚಿ ಕಾಂಕ್ರೀಟು ಹಾಕಿದ್ದರೆ ಕಟ್ಟುವವರಿಗೆ ಸುಲಭವಾಗುತ್ತಿತ್ತು. ಹಾಗೆ ಮಾಡದೆ, ಕಲ್ಲುಗಳನ್ನು ಬಿಚ್ಚಿ, ಹೇಗೆ ಕಟ್ಟಿದ್ದಾರೆಂದು ಅಭ್ಯಾಸ ಮಾಡಿ, ಮತ್ತೆ ಜೋಡಿಸಿದ್ದಾರೆ. ಹೆಸರು ಡಾಕ್‌ಯಾರ್ಡ್ ಗಾರ್ಡನ್. ನೂರು ಮೀಟರಿಗೂ ಹೆಚ್ಚು ಉದ್ದ, ಸುಮಾರು ಹತ್ತು ಮೀಟರ್ ಆಳ. 1997ರಲ್ಲಿ ಸರ್ಕಾರ ರಾಷ್ಟ್ರದ ಮುಖ್ಯ ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿತು. ಒಂದನೇ ನಂಬರಿನ ಡಾಕ್‌ನಲ್ಲಿ ನೀರು ತುಂಬಿಸಿ, 1930ರ ತರಬೇತಿ ಹಡಗು ನಿಪ್ಪೊನ್ ಮಾರುವನ್ನು ನಿಲ್ಲಿಸಿದ್ದಾರೆ. ಕಿಟಕಿಯಿಂದ ನನಗೆ ಕಂಡ ಆಟಿಕೆ ಅದೇ.

ಡಾಕ್‌ನ ತಳಕ್ಕೆ ಮೆಟ್ಟಿಲಿದೆ. ಇಳಿದು ನಿಂತೆ. ಎರಡೂ ಬದಿಗೆ ಕಲ್ಲಿನ ಹಂತಗಳು, ನಮ್ಮ ದೇವಸ್ಥಾನದ ಕಲ್ಯಾಣಿಯ ಹಾಗೆ. ಆ ಹಂತಗಳ ಮೇಲೆ ನಿಂತೇ ಜನ ಹಡಗಿನ ತಳ ಕೆರೆದದ್ದು, ಬಣ್ಣ ಬಳಿದದ್ದು. ತಲೆ ಎತ್ತಿದರೆ ನೆತ್ತಿಯ ಮೇಲೆ 296 ಮೀಟರ್ ಗೋಪುರ, ಅದರ ತುದಿಯ ಹತ್ತಿರ ನಾನು ರಾತ್ರಿ ಮಲಗಿದ್ದ ಕೋಣೆ. ಮೇಲಿನಿಂದ ನೋಡಿದಾಗ ಊರು ಚಂದ ಕಂಡಿತ್ತು. ಕೆಳಗಿನಿಂದ ನೋಡಿದಾಗ ಅರ್ಥವಾಯಿತು.

ಜಪಾನಿನವರು ದೇವರು, ನಾವು ದೆವ್ವ ಅಂತ ನಾನು ಹೇಳುತ್ತಿಲ್ಲ. ಆ ಡಾಕ್‌ನ ಸುತ್ತ ಇರುವುದೂ ಹೋಟೆಲು, ಅಂಗಡಿಗಳೇ. ದುಡಿದವರ ಹೆಸರಿನ ಕಲ್ಲು ನನ್ನ ಕಣ್ಣಿಗೆ ಬೀಳಲಿಲ್ಲ. ಭೂಮಿಯ ಬೆಲೆ ಅವರಿಗೂ ಗೊತ್ತು, ನಮಗಿಂತ ಚೆನ್ನಾಗಿಯೇ ಗೊತ್ತು. ಆದರೂ ಖಾತೆ ಮುಚ್ಚುವಾಗ ಹಳೇ ಲೆಡ್ಜರನ್ನು ಸುಡಲಿಲ್ಲ. ನಮ್ಮ ಕಸುಬಿನಲ್ಲಿ ಅದು ಮೊದಲ ಪಾಠ. ಅಕೌಂಟು ಕ್ಲೋಸ್ ಆಗಬಹುದು, ದಾಖಲೆ ಉಳಿಯಬೇಕು.

ಇಷ್ಟು ಬರೆದ ಮೇಲೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ಮಾವ 1999ರಲ್ಲಿ ತೀರಿಕೊಂಡರು. 2004ರಲ್ಲಿ ಆ ಚಾಳ್ ರೀಡೆವಲಪ್‌ಮೆಂಟಿಗೆ ಹೋಯಿತು. ಹೋಟೆಲಿನ ಕೋಣೆ ಖಾಲಿ ಮಾಡಲು ಅತ್ತೆ ನನ್ನನ್ನೇ ಕರೆದರು. ಹಿತ್ತಾಳೆ ಪಾತ್ರೆ, ಮರದ ಬೆಂಚು, ದೇವರ ಫೋಟೋ ಬೇರೆ ಬೇರೆ ಮಾಡಿದೆ. ಅಟ್ಟದ ಮೇಲಿದ್ದ ಕೆಂಪು ಬಟ್ಟೆಯ ಉದ್ರಿ ಪುಸ್ತಕ ತೆಗೆದು ಎರಡು ಪುಟ ತಿರುವಿದೆ. ಬ್ಯಾಂಕಿನವನ ಬುದ್ಧಿ, ಇಪ್ಪತ್ತೆರಡು ವರ್ಷ ಹಳೆಯ ಸಾಲ, ವಸೂಲಿಯಾಗದ್ದು, ರೈಟ್ ಆಫ್ ಅಂದುಕೊಂಡೆ. ಹಳೇ ಪೇಪರಿನ ಜೊತೆ ರದ್ದಿಯವನ ತಕ್ಕಡಿಗೆ ಹಾಕಿದೆ. ಯಾವ ಬಿಲ್ಡರೂ ಅಲ್ಲ, ಯಾವ ಸರ್ಕಾರವೂ ಅಲ್ಲ, ನಾನೇ. ಹದಿನಾಲ್ಕು ವರ್ಷ ಅದು ನನಗೆ ನೆನಪೂ ಆಗಿರಲಿಲ್ಲ. ಯೊಕೊಹಾಮಾದ ಆ ತೊಟ್ಟಿಯ ತಳದಲ್ಲಿ ನಿಂತಾಗ ನೆನಪಾಯಿತು.

ಎರಡನೇ ರಾತ್ರಿ ನಿದ್ದೆ ಬರಲಿಲ್ಲ. ರೇಟು ಕೇಳದೇ ಇದ್ದರೂ! ನನ್ನಾಕೆ ಎದ್ದು, "ಗೋಪುರ ಅಲ್ಲಾಡ್ತಿದೆಯಾ?" ಅಂತ ಕೇಳಿದಳು. ಇಲ್ಲ ಅಂದೆ. ಕಿಟಕಿಯ ಹತ್ತಿರ ಕೂತು, ಕೆಳಗಿನ ಹಡಗಿನ ದೀಪ ನೋಡುತ್ತ, ಹೋಟೆಲಿನವರು ಇಟ್ಟಿದ್ದ ಕಾಗದದ ಮೇಲೆ ಆ ಪುಸ್ತಕದ ಹೆಸರುಗಳನ್ನು ನೆನಪು ಮಾಡಿಕೊಂಡು ಬರೆಯತೊಡಗಿದೆ. ರತ್ನಾಗಿರಿಯವರು, ಸಾತಾರಾದವರು, ಆಜಮ್‌ಗಢದವರು, ನಮ್ಮ ಬೆಳಗಾವಿ ಕಡೆಯ ಇಬ್ಬರು.

ಆ ಹೋಟೆಲನ್ನು 2025ರ ಮಾರ್ಚ್ ಕೊನೆಗೆ ದೊಡ್ಡ ನವೀಕರಣಕ್ಕೆಂದು ಮುಚ್ಚಿದ್ದಾರೆ ಎಂದು ಮಗ ಫೋನಿನಲ್ಲಿ ಹೇಳಿದ. ಅದಕ್ಕೇ ಕಪಾಟಿನಿಂದ ಆ ಕಾಗದ ತೆಗೆದು ಇದನ್ನೆಲ್ಲ ಬರೆದೆ. ಹೋಟೆಲಿನ ಹೆಸರಿರುವ ಕಾಗದದ ಮೇಲೆ ಹನ್ನೊಂದು ಹೆಸರುಗಳಿವೆ. ಹನ್ನೆರಡನೆಯವರ ಮುಖ ಈಗಲೂ ಕಣ್ಣ ಮುಂದಿದೆ. ಎಡಗೈಯ ಎರಡು ಬೆರಳು ಮಗ್ಗಕ್ಕೆ ಹೋಗಿತ್ತು, ಚಾಕ್ಕೆ ಯಾವಾಗಲೂ ಸಕ್ಕರೆ ಜಾಸ್ತಿ ಕೇಳುತ್ತಿದ್ದರು. ಹೆಸರು ಮಾತ್ರ ಎಷ್ಟು ಯೋಚಿಸಿದರೂ ಬರುತ್ತಿಲ್ಲ.